ಬದುಕು ಬದಲಿಸು ಎನ್ನುವ ಮೊದಲು

ಅಥಣಿ, ರಾಯಬಾಗ, ಜಮಖಂಡಿ ಕಡೆಯವರಿಗೆ ಮಿರಜ್ ಎಂದರೆ ಮೊದಲು ನೆನಪಾಗುವುದು ದವಾಖಾನೆ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಊರಲ್ಲಿ ವಾಸಿಯಾಗದ ಕಾಯಿಲೆಗೆ ಮಿರಜಿನ ದಾರಿ ಹಿಡಿಯುವುದು ಈ ಭಾಗದ ರೂಢಿ. ಪಕ್ಕದ ಸಾಂಗ್ಲಿ ಎಂದರೆ ಅರಿಸಿನದ ಪೇಟೆ. ರಾಜ್ಯಗಳ ಗಡಿ ಎಲ್ಲಿ ಬಿದ್ದಿದ್ದರೂ ಸಂತೆ, ಬೀಗತನ, ರೈಲು ಈ ಎರಡೂ ಊರುಗಳನ್ನು ಉತ್ತರ ಕರ್ನಾಟಕದ ಜೊತೆ ಬೆಸೆದಿವೆ. ಈ ನಂಟಿನ ಒಂದು ಎಳೆಯ ಬಗ್ಗೆ ಮಾತ್ರ ನಾವು ಹೆಚ್ಚು ಮಾತಾಡುವುದಿಲ್ಲ. ಸಾಂಗ್ಲಿಯ ಗೋಕುಳನಗರದಲ್ಲಿ, ಮಿರಜಿನ ಪ್ರೇಮನಗರದಲ್ಲಿ ಲೈಂಗಿಕ ವೃತ್ತಿಯಿಂದ ಬದುಕುವ ಹೆಣ್ಣುಮಕ್ಕಳಲ್ಲಿ ಅನೇಕರ ಮನೆಮಾತು ಕನ್ನಡ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಹಳ್ಳಿಗಳಿಂದ ಬಂದವರು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರೂ ಅವರಲ್ಲಿದ್ದಾರೆ.

ಇಂಥ ಓಣಿಗಳಿಗೆ ಏನು ಮಾಡಬೇಕು ಎಂದು ಕೇಳಿದರೆ ಬಹುತೇಕ ಸಜ್ಜನರ ಉತ್ತರ ಒಂದೇ: ಹೆಂಗಸರನ್ನು ಅಲ್ಲಿಂದ ಹೊರತನ್ನಿ, ಮಕ್ಕಳನ್ನು ದೂರದ ಹಾಸ್ಟೆಲಿಗೆ ಸೇರಿಸಿ, ತಾಯಂದಿರಿಗೆ ಹೊಲಿಗೆ ಯಂತ್ರ ಕೊಡಿಸಿ. ಈ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಉತ್ತರ ಸರಿಯೇ ಎಂಬುದು ಬೇರೆಯ ಪ್ರಶ್ನೆ. ಅದನ್ನು ಒರೆಗೆ ಹಚ್ಚಿ ನೋಡಲು ಸಾಂಗ್ಲಿಯಲ್ಲೇ ಮೂರು ದಶಕಗಳ ಅನುಭವ ಇದೆ. 1992ರಲ್ಲಿ ಮೀನಾ ಶೇಷು ಮತ್ತು ಸಂಗಡಿಗರು ಸಂಪದಾ ಗ್ರಾಮೀಣ ಮಹಿಳಾ ಸಂಸ್ಥೆಯ ಮೂಲಕ, ಅಂದರೆ ‘ಸಂಗ್ರಾಮ್’ ಮೂಲಕ, ಈ ಓಣಿಗಳಲ್ಲಿ ಎಚ್‌ಐವಿ ತಡೆಯುವ ಕೆಲಸ ಶುರುಮಾಡಿದರು. ಕಾಂಡೋಮ್ ಹಂಚುವ, ತಿಳಿಹೇಳುವ ಹೊಣೆಯನ್ನು ಓಣಿಯ ಹೆಂಗಸರೇ ವಹಿಸಿಕೊಂಡರು. 1996ರ ಹೊತ್ತಿಗೆ ಅವರದೇ ಸಂಘಟನೆ ಹುಟ್ಟಿತು: ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್, ಎಲ್ಲರ ಬಾಯಲ್ಲಿ ‘ವ್ಯಾಂಪ್’. ಕಾಯಿಲೆಯಿಂದ ಶುರುವಾದ ಕೆಲಸ ಮೆಲ್ಲಗೆ ಇಡೀ ಮನೆಯ ಕೆಲಸವಾಯಿತು. ಬೇನೆ ಬಿದ್ದವರ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋಗುವುದು, ರೇಷನ್ ಕಾರ್ಡಿಗೆ ಅರ್ಜಿ ಹಾಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಸಂಜೆ ಅವರಿಗೆ ಪಾಠ, ಓಣಿಯ ಜಗಳಗಳ ಪಂಚಾಯ್ತಿ. ಕುಟುಂಬ ಕೇಂದ್ರ ಎಂಬ ಬೋರ್ಡು ಎಲ್ಲೂ ಇಲ್ಲದಿದ್ದರೂ ನಡೆದದ್ದು ಅದೇ.

‘ಕುಟುಂಬ’ ಎಂದಕೂಡಲೇ ಕೆಲವರು ತಡೆಯುತ್ತಾರೆ. ಅಲ್ಲಿ ಕುಟುಂಬ ಎಲ್ಲಿದೆ, ಅದು ಮುರಿದದ್ದರಿಂದಲೇ ಅಲ್ಲವೇ ಅವರು ಅಲ್ಲಿರುವುದು ಎನ್ನುತ್ತಾರೆ. ಇದು ನಮ್ಮ ಮೊದಲ ನಂಬಿಕೆ, ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ದುರ್ಬಲವಾದದ್ದು. ಗಂಡ, ಹೆಂಡತಿ, ಮಕ್ಕಳು ಎಂಬ ಅಚ್ಚಿನಲ್ಲೇ ಕುಟುಂಬವನ್ನು ಹುಡುಕಿದರೆ ಅಲ್ಲಿ ಅದು ಕಡಿಮೆ ಸಿಕ್ಕೀತು. ಆದರೆ ಯಾರ ದುಡಿಮೆಯ ಮೇಲೆ ಯಾರು ನಿಂತಿದ್ದಾರೆ ಎಂದು ಕೇಳಿದರೆ ಚಿತ್ರವೇ ಬೇರೆ. ಊರಲ್ಲಿರುವ ತಾಯಿಯ ಔಷಧ, ತಮ್ಮನ ಮದುವೆ, ಮನೆಯ ತಗಡು, ಮಗಳ ಫೀಸು ಬರುವುದು ಈ ಓಣಿಯಿಂದ. ಮುತ್ತು ಕಟ್ಟುವ ಪದ್ಧತಿಯ ಲೆಕ್ಕಾಚಾರವೂ ಇದೇ ಆಗಿತ್ತು: ಗಂಡುಮಗನಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಮಗನ ಸ್ಥಾನದಲ್ಲಿ ನಿಂತು ಮನೆ ನಡೆಸುತ್ತಾಳೆ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಆ ಲೆಕ್ಕಾಚಾರ ಒಬ್ಬ ಹುಡುಗಿಯ ಬದುಕನ್ನು ಅವಳನ್ನು ಕೇಳದೆ ಅಡವಿಟ್ಟಿತು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಅದನ್ನು ಅಪರಾಧ ಎಂದದ್ದು ನ್ಯಾಯವೇ. ಆದರೂ ಅಡವಿಟ್ಟವರ ಹೊಟ್ಟೆ ತುಂಬಿಸುತ್ತಿರುವವಳಿಗೆ ಕುಟುಂಬವೇ ಇಲ್ಲ ಎನ್ನುವುದು ಅವಳಿಗೆ ಮಾಡುವ ಎರಡನೆಯ ಅನ್ಯಾಯ.

ಕಾನೂನು ಕೂಡ ಈ ಕುಟುಂಬವನ್ನು ವಿಚಿತ್ರವಾಗಿ ನೋಡುತ್ತದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಹದಿನೆಂಟು ದಾಟಿದ ಯಾರೇ ಆಗಲಿ ಇನ್ನೊಬ್ಬರ ವೇಶ್ಯಾವೃತ್ತಿಯ ಗಳಿಕೆಯಲ್ಲಿ ತಿಳಿದೂ ಬದುಕಿದರೆ ಎರಡು ವರ್ಷದವರೆಗೆ ಜೈಲು. ದಲ್ಲಾಳಿಗಳನ್ನು ಹಿಡಿಯಲು ಬರೆದ ಸೆಕ್ಷನ್ ಅದು ಎಂಬುದು ನಿಜ. ಆದರೆ ಅದರ ಅಕ್ಷರದೊಳಗೆ ತಾಯಿಯ ದುಡ್ಡಲ್ಲಿ ಬಿ.ಕಾಂ. ಓದುವ ಹತ್ತೊಂಬತ್ತರ ಮಗನೂ ಬರುತ್ತಾನೆ, ಮಗಳ ಅನ್ನ ತಿನ್ನುವ ಮುದುಕಿಯೂ ಬರುತ್ತಾಳೆ. ಪ್ರತಿ ಮನೆಯ ಮೇಲೂ ಕೇಸು ಬೀಳುತ್ತದೆ ಎಂದಲ್ಲ. ಬೀಳಬಹುದು ಎಂಬ ಅಂಜಿಕೆಯೇ ಸಾಕು. ಓದಿದ ಮಗ ಮನೆಗೆ ಬರಲು ಹಿಂಜರಿದರೆ ಅವನಿಗೆ ತಾಯಿ ಬೇಡವಾದಳು ಎಂದು ನಾವು ತೀರ್ಮಾನಿಸುತ್ತೇವೆ. ಅವನ ಹಿಂಜರಿಕೆಯಲ್ಲಿ ಕಾನೂನಿನ ಪಾಲೆಷ್ಟು ಎಂದು ಕೇಳುವುದಿಲ್ಲ.

ಎರಡನೆಯ ನಂಬಿಕೆ, ಬಿಡಿಸಿ ತಂದರೆ ಬದುಕು ತಾನಾಗಿ ಸರಿಹೋಗುತ್ತದೆ ಎಂಬುದು. 2005ರ ಮೇ ತಿಂಗಳಲ್ಲಿ ಗೋಕುಳನಗರದ ಮೇಲೆ ಪೊಲೀಸರು ದಾಳಿ ಮಾಡಿ ಹೆಂಗಸರನ್ನು ಕರೆದೊಯ್ದರು. ಜೊತೆಯಲ್ಲಿ ಅಮೆರಿಕ ಮೂಲದ ಒಂದು ರಕ್ಷಣಾ ಸಂಸ್ಥೆ ಇತ್ತು. ಆ ಸಂಸ್ಥೆಯ ಉದ್ದೇಶ ಬಾಲಕಿಯರ ರಕ್ಷಣೆ. ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ದಾಳಿಯ ಗಾಡಿ ಹೋದ ಮೇಲೆ ಓಣಿಯಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸೋಣ. ಶಾಲೆಯಿಂದ ಬರುವ ಮಗುವಿಗೆ ಬಾಗಿಲು ತೆಗೆಯುವವರಿಲ್ಲ. ಬಡ್ಡಿ ನಿಲ್ಲುವುದಿಲ್ಲ, ಬಾಡಿಗೆ ನಿಲ್ಲುವುದಿಲ್ಲ. ಕಾಯ್ದೆಯ ಪ್ರಕಾರ ಹೆಣ್ಣನ್ನು ಒಂದರಿಂದ ಮೂರು ವರ್ಷದವರೆಗೆ ರಕ್ಷಣಾ ಗೃಹದಲ್ಲಿಡಲು ಆದೇಶಿಸಬಹುದು. ಅವಳು ವಯಸ್ಕಳಾಗಿದ್ದು ಬೇಡವೆಂದರೂ. 2018ರಲ್ಲಿ ಸಂಗ್ರಾಮ್ ಪ್ರಕಟಿಸಿದ ಅಧ್ಯಯನದಲ್ಲಿ, ಮಹಾರಾಷ್ಟ್ರದ ಬೇರೆ ಬೇರೆ ದಾಳಿಗಳಲ್ಲಿ ಸಿಕ್ಕಿದ್ದ 243 ಹೆಂಗಸರನ್ನು ಮಾತಾಡಿಸಿದ್ದರು. ಐವರಲ್ಲಿ ಸುಮಾರು ನಾಲ್ವರು, ತಾವು ಆಗ ಸ್ವಇಚ್ಛೆಯಿಂದಲೇ ವೃತ್ತಿಯಲ್ಲಿದ್ದೆವು ಎಂದಿದ್ದರು. ಅಧ್ಯಯನ ಮಾಡಿದವರು ಈ ವಾದದಲ್ಲಿ ಒಂದು ಪಕ್ಷ ಎಂಬುದನ್ನು ಮರೆಯಬಾರದು. ಬಡತನದ ನಡುವಿನ ಇಚ್ಛೆ ಎಷ್ಟರಮಟ್ಟಿಗೆ ಸ್ವಂತದ್ದು ಎಂಬ ಪ್ರಶ್ನೆಯೂ ಉಳಿಯುತ್ತದೆ. ಇಷ್ಟು ಕಳೆದರೂ ಒಂದು ಮಾತು ನಿಲ್ಲುತ್ತದೆ: ಯಾರನ್ನು ಬಿಡಿಸಬೇಕು ಎಂದು ಆ ಹೆಂಗಸರನ್ನೇ ಕೇಳುವ ಅಭ್ಯಾಸ ನಮಗಿಲ್ಲ.

ಹಾಗಾದರೆ ಅಪ್ರಾಪ್ತ ಬಾಲಕಿಯರ ಗತಿ? ಇದು ಎದುರು ಪಕ್ಷದ ಅತ್ಯಂತ ಬಲವಾದ ವಾದ, ಮತ್ತು ಅದಕ್ಕೆ ರಿಯಾಯಿತಿ ಸಲ್ಲದು. ಮಗುವನ್ನು ಈ ವೃತ್ತಿಗೆ ತರುವುದು ಅಪರಾಧ; ಅಲ್ಲಿ ಇಚ್ಛೆಯ ಪ್ರಶ್ನೆಯೇ ಏಳುವುದಿಲ್ಲ. ಆದರೆ ಓಣಿಗೆ ಹೊಸ ಹುಡುಗಿ ಬಂದದ್ದು ಮೊದಲು ಗೊತ್ತಾಗುವುದು ಯಾರಿಗೆ? ವರ್ಷಕ್ಕೊಮ್ಮೆ ಬರುವ ದಾಳಿ ತಂಡಕ್ಕಲ್ಲ, ಎದುರು ಮನೆಯವಳಿಗೆ. ವ್ಯಾಂಪ್‌ನ ಜಗಳ ಬಿಡಿಸುವ ತಂಟಾಮುಕ್ತಿ ಸಮಿತಿಗಳು ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಓಣಿಯ ಹೆಂಗಸರೇ ಇರುವ ಈ ಸಮಿತಿಗಳು ಹೊಸದಾಗಿ ಬಂದವರ ವಯಸ್ಸು, ಬಂದ ಬಗೆ ವಿಚಾರಿಸುತ್ತವೆ. ಆದರೂ ಇದರ ಮೇಲೆ ಪೂರ್ತಿ ಭಾರ ಹಾಕುವುದು ತಪ್ಪು. ಸಂಘಟನೆಯೊಳಗೆ ಘರ್‌ವಾಲಿಯರೂ, ಅಂದರೆ ವೃತ್ತಿಯ ಮನೆ ನಡೆಸುವ ಒಡತಿಯರೂ, ಇರುತ್ತಾರೆ. ಅವರ ಹಿತ ಮತ್ತು ಹೊಸ ಹುಡುಗಿಯ ಹಿತ ಎಲ್ಲ ಸಲವೂ ಒಂದೇ ಆಗಿರುವುದಿಲ್ಲ. ಹೊರಗಿನ ಕಣ್ಣು ಬೇಕು. ಆದರೆ ಆ ಕಣ್ಣು ಒಳಗಿನವರ ನಂಬಿಕೆ ಗಳಿಸದೆ ನೋಡಲು ಹೊರಟರೆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಮತ್ತು ಮುಚ್ಚಿದ ಬಾಗಿಲ ಹಿಂದೆ ಹೆಚ್ಚು ಅಪಾಯ ಇರುವುದು ಆ ಮಗುವಿಗೇ.

ಮಕ್ಕಳನ್ನು ಆ ವಾತಾವರಣದಿಂದ ದೂರ ಇಟ್ಟರೆ ಸಾಕು ಎಂಬುದು ಮೂರನೆಯ ನಂಬಿಕೆ. ಇದರಲ್ಲಿ ಅರ್ಧ ಸತ್ಯ ಇದೆ. ರಾತ್ರಿ ಗಿರಾಕಿಗಳು ಬರುವ ಓಣಿಯಲ್ಲಿ ಹತ್ತನೇ ಇಯತ್ತೆಯ ಓದು ಸುಲಭವಲ್ಲ, ಮತ್ತು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಆ ತಾಯಂದಿರು. ಇದೇ ಮಕ್ಕಳಿಗೆಂದು ನಿಪ್ಪಾಣಿಯಲ್ಲಿ ‘ಮಿತ್ರಾ’ ಎಂಬ ವಸತಿನಿಲಯ ನಡೆಯುತ್ತಿದೆ. ಧಾರವಾಡಕ್ಕೆ ಮಕ್ಕಳನ್ನು ಓದಲು ಕಳಿಸುವ ಅನುಕೂಲವಂತರೂ ಮಕ್ಕಳನ್ನು ದೂರ ಮಾಡಿಯೇ ಓದಿಸುತ್ತಾರೆ. ಯಾರೂ ಅದನ್ನು ರಕ್ಷಣೆ ಎನ್ನುವುದಿಲ್ಲ. ವ್ಯತ್ಯಾಸ ಇರುವುದು ನಿರ್ಧಾರ ಯಾರದು ಎಂಬಲ್ಲಿ. ತಾಯಿ ಸೇರಿಸಿದ ಹಾಸ್ಟೆಲಿಂದ ಮಗು ದೀಪಾವಳಿಗೆ ಮನೆಗೆ ಬರುತ್ತದೆ. ತಾಯಿ ಶಾಲೆಯ ಮೀಟಿಂಗಿಗೆ ಹೋಗುತ್ತಾಳೆ. ತಾಯಿ ಅನರ್ಹಳು ಎಂದು ತೀರ್ಮಾನಿಸಿ ಒಯ್ದ ಮಗುವಿಗೆ ಓದಿನ ಜೊತೆಗೆ ಇನ್ನೊಂದು ಪಾಠವೂ ಸಿಗುತ್ತದೆ: ನಿನ್ನನ್ನು ಹೆತ್ತವಳು ನಾಚಿಕೆಯ ವಿಷಯ. ಸುಪ್ರೀಂ ಕೋರ್ಟು ನೇಮಿಸಿದ್ದ ಸಮಿತಿ, ತಾಯಿ ಈ ವೃತ್ತಿಯಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವಳಿಂದ ಬೇರ್ಪಡಿಸಬಾರದು ಎಂದು ಶಿಫಾರಸು ಮಾಡಿತ್ತು. 2022ರ ಮೇ 19ರ ಆದೇಶದಲ್ಲಿ ನ್ಯಾಯಾಲಯ ಕೆಲವು ಶಿಫಾರಸುಗಳನ್ನು ಕೂಡಲೇ ಕಟ್ಟುನಿಟ್ಟಾಗಿ ಪಾಲಿಸಿ ಎಂದು ರಾಜ್ಯಗಳಿಗೆ ಹೇಳಿತು. ಈ ಶಿಫಾರಸು ಆ ಪಟ್ಟಿಯಲ್ಲಿ ಸೇರಲಿಲ್ಲ. ಆಧಾರ್ ಕಾರ್ಡು ಕೊಡುವುದಕ್ಕೆ ದಾರಿಯಾಯಿತು, ತಾಯಿಯೊಂದಿಗೆ ಇರುವ ಮಗುವಿನ ಹಕ್ಕು ಕಾಯುತ್ತಾ ಉಳಿಯಿತು.

ಕಾಗದಪತ್ರದ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. ಓಣಿಯ ಇಂಥ ಕುಟುಂಬ ಕೇಂದ್ರದ ಮೇಜಿನ ಮುಂದೆ ದಿನವೂ ನಡೆಯುವ ಕೆಲಸ ಇದೇ. ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಒಂದರ ಮೇಲೊಂದು ಮಡಚಿಟ್ಟ ಹಾಳೆಗಳು: ಊರಿನ ರೇಷನ್ ಕಾರ್ಡಿನ ಜೆರಾಕ್ಸು, ಹೆಸರು ತಪ್ಪಾಗಿ ಬಿದ್ದ ವೋಟರ್ ಐಡಿ, ಆಸ್ಪತ್ರೆಯ ಕೇಸ್ ಪೇಪರು, ಮಗುವಿನ ಬೋನಾಫೈಡ್. ಊರಿನ ಕಾಗದ ಕನ್ನಡದಲ್ಲಿ, ಇಲ್ಲಿನ ಅರ್ಜಿ ಮರಾಠಿಯಲ್ಲಿ. ಅರ್ಜಿಯಲ್ಲಿ ತಂದೆಯ ಹೆಸರಿನ ಖಾನೆ ಬಂದಾಗ ಪೆನ್ನು ನಿಲ್ಲುತ್ತದೆ. ‘ಸಾಕಿದಾಕಿ ನಾನು, ನನ್ನ ಹೆಸರೇ ಬರೀರಿ’ ಎನ್ನುವ ತಾಯಿಗೆ ಆ ಖಾನೆ ಖಾಲಿ ಬಿಡುವ ಧೈರ್ಯ ಕೊಡಲು ಪಕ್ಕದಲ್ಲಿ ಒಬ್ಬರು ಬೇಕು. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು ಎಂದು ಸುಪ್ರೀಂ ಕೋರ್ಟು 2015ರಲ್ಲೇ ಹೇಳಿದೆ. 2024ರ ಮೇ 1ರಿಂದೀಚೆಗೆ ಹುಟ್ಟಿದವರ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರನ್ನು ಮಹಾರಾಷ್ಟ್ರ ಕಡ್ಡಾಯ ಮಾಡಿದೆ. ಆದರೆ ಕಾನೂನು ಬದಲಾದ ಸುದ್ದಿ ಕಚೇರಿಯ ಕಿಟಕಿಯವರೆಗೆ ತಾನಾಗಿ ನಡೆದುಬರುವುದಿಲ್ಲ. ಯಾರೋ ಒಬ್ಬರು ಆದೇಶದ ಪ್ರತಿ ಹಿಡಿದು ಆ ಕಿಟಕಿಯ ಮುಂದೆ ನಿಲ್ಲಬೇಕಾಗುತ್ತದೆ.

ರಾಜ್ಯದ ಗಡಿಯೂ ಇಲ್ಲಿ ತನ್ನ ಕೆಲಸ ಮಾಡುತ್ತದೆ. 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ಕರ್ನಾಟಕ ಸರ್ಕಾರ ಒಟ್ಟು 46,660 ದೇವದಾಸಿಯರನ್ನು ಗುರುತಿಸಿತು. ಮಾಸಾಶನ, ವಸತಿ ಇತ್ಯಾದಿ ಯೋಜನೆಗಳಿಗೆ ಆ ಪಟ್ಟಿಯೇ ಬುನಾದಿಯಾಯಿತು. ಸಮೀಕ್ಷೆ ನಡೆದದ್ದು ಕರ್ನಾಟಕದ ಜಿಲ್ಲೆಗಳಲ್ಲಿ. ಆ ದಿನಗಳಲ್ಲಿ ಮಿರಜಿನಲ್ಲಿ ದುಡಿಯುತ್ತಿದ್ದವಳು ಊರಿನ ಪಟ್ಟಿಯಲ್ಲಿ ಸಿಗುವುದು ಕಷ್ಟ. ಮಹಾರಾಷ್ಟ್ರದ ಲೆಕ್ಕದಲ್ಲಿ ಅವಳು ಪರರಾಜ್ಯದವಳು. ಬದುಕು ಬದಲಿಸಿಕೋ ಎಂದು ನಾವು ಅವಳಿಗೆ ಹೇಳುವಾಗ, ಬದಲಾದ ಬದುಕಿಗೆ ಯಾವ ವಿಳಾಸ ಕೊಡುತ್ತೇವೆ ಎಂದೂ ಹೇಳಬೇಕಲ್ಲವೇ?

ಇಲ್ಲಿಂದ ಹೊಲಿಗೆ ಯಂತ್ರಕ್ಕೆ ಬರೋಣ. ಪರ್ಯಾಯ ಉದ್ಯೋಗ ಕೊಟ್ಟರೆ ಯಾರೂ ಈ ವೃತ್ತಿಯಲ್ಲಿ ಉಳಿಯರು ಎಂಬುದು ನಾಲ್ಕನೆಯ ನಂಬಿಕೆ. ಪರ್ಯಾಯ ಬೇಕು, ವಯಸ್ಸಾದವರಿಗೆ, ಬೇಸತ್ತವರಿಗೆ, ಕಾಯಿಲೆಯವರಿಗೆ ಅದು ತುರ್ತಾಗಿ ಬೇಕು. ಆದರೆ ರೆಡಿಮೇಡ್ ಬಟ್ಟೆಯ ಈ ಕಾಲದಲ್ಲಿ ಕಸಬು ಕಲಿತ ಸಿಂಪಿಗರೇ ಗಿರಾಕಿಗೆ ಕಾಯುತ್ತಿರುವಾಗ, ಮೂರು ತಿಂಗಳ ತರಬೇತಿಯ ಹೊಲಿಗೆಯಿಂದ ಬಾಡಿಗೆ, ಬಡ್ಡಿ, ಫೀಸು, ಊರಿನ ಖರ್ಚು ಎಲ್ಲ ತೂಗಬೇಕು ಎಂದು ನಿರೀಕ್ಷಿಸುತ್ತೇವೆ. ತೂಗದಿದ್ದಾಗ ಅವಳಿಗೆ ಸುಲಭದ ದುಡ್ಡಿನ ಚಟ ಎನ್ನುತ್ತೇವೆ. ಬಡ್ಡಿ ತಗ್ಗಿಸುವ ಉಳಿತಾಯ ಸಂಘ, ಬ್ಯಾಂಕ್ ಖಾತೆ, ಹೆಸರಿಗೊಂದು ಮನೆ ಇವು ಬಂದರೆ ವೃತ್ತಿ ಬಿಡಬೇಕೋ ಬೇಡವೋ ಎಂದು ಯೋಚಿಸುವ ಅವಕಾಶವಾದರೂ ಅವಳಿಗೆ ಸಿಗುತ್ತದೆ. ಕೋಲ್ಕತ್ತದ ಸೋನಾಗಾಚಿಯ ಹೆಂಗಸರು 1995ರಲ್ಲೇ ಉಷಾ ಎಂಬ ಸಹಕಾರ ಸಂಘ ನೋಂದಾಯಿಸಿ ಇದನ್ನು ಮಾಡಿ ತೋರಿಸಿದ್ದಾರೆ. ಬಿಡುವುದಕ್ಕೂ ಬಂಡವಾಳ ಬೇಕು. ಅದು ವೃತ್ತಿಯಲ್ಲಿರುವಾಗಲೇ ಕೂಡಬೇಕು.

ಐದನೆಯದು ನಯವಾದ ಆಕ್ಷೇಪ. ಅವರಿದ್ದಲ್ಲೇ, ಇದ್ದ ಹಾಗೆಯೇ ನೆರವು ಕೊಟ್ಟರೆ ಆ ವೃತ್ತಿಗೆ ಒಪ್ಪಿಗೆಯ ಮುದ್ರೆ ಒತ್ತಿದಂತಲ್ಲವೇ? ಅಮೆರಿಕ ಸರ್ಕಾರ 2003ರ ಕಾಯ್ದೆಯ ಮೂಲಕ ಈ ತರ್ಕವನ್ನೇ ಷರತ್ತಾಗಿಸಿತು: ಏಡ್ಸ್ ವಿರುದ್ಧದ ತನ್ನ ನೆರವು ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯನ್ನು ವಿರೋಧಿಸುವುದಾಗಿ ಬರೆದುಕೊಡಬೇಕು. ಸಂಗ್ರಾಮ್ 2005ರಲ್ಲಿ ಬರೆದುಕೊಡದೆ ಹಣವನ್ನೇ ಬಿಟ್ಟಿತು. ಬಡ ಓಣಿಯ ಸಂಸ್ಥೆಗೆ ಇದು ಸಣ್ಣ ನಷ್ಟವಲ್ಲ. ಹಟಮಾರಿತನ ಎಂದವರೂ ಇದ್ದಾರು. ಆದರೆ ಆ ಕಾಗದಕ್ಕೆ ಸಹಿ ಹಾಕಿದ ಮೇಲೆ ಅದೇ ಹೆಂಗಸಿನ ಮನೆಗೆ ಹೋಗಿ, ಅಕ್ಕಾ, ನಿನ್ನ ಮಾತ್ರೆ ತಗೊಂಡಿಯಾ ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು?

ನೆರವು ಮತ್ತು ಒಪ್ಪಿಗೆ ಬೇರೆ ಬೇರೆ ಎಂಬುದನ್ನು ನಾವು ಉಳಿದೆಡೆ ಸಲೀಸಾಗಿ ಒಪ್ಪಿದ್ದೇವೆ. 1975ರಲ್ಲಿ ಶುರುವಾದ ಅಂಗನವಾಡಿ ಮಗುವಿನ ತೂಕ ನೋಡುತ್ತದೆ, ತಾಯಿಯ ನಡತೆ ಕೇಳುವುದಿಲ್ಲ. ಕುಡುಕನ ಮಗನಿಗೂ ಬಿಸಿಯೂಟ ಉಂಟು. ಅದರಿಂದ ಕುಡಿತಕ್ಕೆ ಒಪ್ಪಿಗೆ ಸಿಕ್ಕಿತೆಂದು ಯಾರೂ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 1999ರ ಸುಮಾರಿಗೆ ಬಡ ಬಡಾವಣೆಗಳಲ್ಲಿ ತೆರೆದ ‘ಶ್ಯೂರ್ ಸ್ಟಾರ್ಟ್’ ಕುಟುಂಬ ಕೇಂದ್ರಗಳೂ ಹೀಗೆ ಆ ಬಡಾವಣೆಯ ಎಲ್ಲರಿಗೂ ತೆರೆದಿದ್ದವು. ಅವುಗಳ ಆಸುಪಾಸಿನಲ್ಲಿ ಬೆಳೆದ ಬಡ ಮಕ್ಕಳು ಹದಿನಾರನೇ ವಯಸ್ಸಿನ ಪರೀಕ್ಷೆಯಲ್ಲಿ ಎದ್ದುಕಾಣುವಷ್ಟು ಮುಂದಿದ್ದರು ಎಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2024ರಲ್ಲಿ ವರದಿ ಮಾಡಿತು. ಅಷ್ಟರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಅನೇಕ ಕೇಂದ್ರಗಳು ಮುಚ್ಚಿಹೋಗಿದ್ದವು. ಫಲ ಕಾಣಲು ಹದಿನೈದು ವರ್ಷ ಬೇಕಾದ ಕೆಲಸವನ್ನು ಮೂರು ವರ್ಷದ ಯೋಜನೆಯ ಗಡುವಿನಲ್ಲಿ ಅಳೆಯಲಾಗದು.

ಇಷ್ಟು ಹೇಳಿದ ಮೇಲೆ ನಾನು ಒಲಿದ ಪಕ್ಷವನ್ನೂ ಒರೆಗೆ ಹಚ್ಚಬೇಕು. ಓಣಿಯವರೇ ನಡೆಸಿದರೆ ಎಲ್ಲವೂ ಸರಿಯಾಗುತ್ತದೆ ಎಂಬುದೂ ಒಂದು ನಂಬಿಕೆಯೇ. ನಮ್ಮದೂ ದುಡಿಮೆ ಎಂದು ಎದೆಯುಬ್ಬಿಸಿ ಹೇಳುವ ಸಂಘಟನೆಯಲ್ಲಿ, ನನಗೆ ಇದು ಸಾಕಾಗಿದೆ ಎನ್ನುವವಳ ದನಿ ಸಣ್ಣದಾಗುವ ಸಾಧ್ಯತೆ ಇದೆ. ಉಳಿಯುವವಳಿಗೂ ಹೊರಡುವವಳಿಗೂ ಒಂದೇ ಗೌರವ ಸಿಗುತ್ತಿದೆಯೇ ಎಂದು ಇಂಥ ಕೇಂದ್ರ ತನ್ನನ್ನು ತಾನು ಕೇಳಿಕೊಳ್ಳುತ್ತಲೇ ಇರಬೇಕು. ಇನ್ನೊಂದು ತೊಡಕು ಹಣದ್ದು. ಈ ಓಣಿಗಳಿಗೆ ಸರ್ಕಾರದ ಮತ್ತು ದಾನಿಗಳ ಹಣ ಬಂದದ್ದು ಎಚ್‌ಐವಿಯ ಹೆಸರಿನಲ್ಲಿ. ಇವರಿಂದ ಇತರರಿಗೆ ಕಾಯಿಲೆ ಹರಡಬಾರದು ಎಂಬ ಚಿಂತೆಯಿಂದ. ಆ ಲೆಕ್ಕದಲ್ಲಿ ಕಾಂಡೋಮಿಗೆ ಜಾಗ ಇದೆ, ಮಂಡಿನೋವಿಗಿಲ್ಲ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಗುರುತಿನ ಚೀಟಿಗೆ ಹಟ ಹಿಡಿಯದೆ ಇವರಿಗೆ ರೇಷನ್ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಇವರನ್ನು ಗುರುತಿಸಲು ಆಗಲೂ ಆಸರೆಯಾದದ್ದು ಏಡ್ಸ್ ನಿಯಂತ್ರಣ ಸಂಸ್ಥೆಗಳ ಪಟ್ಟಿ. ಕಾಯಿಲೆಯ ಪಟ್ಟಿಯಲ್ಲಿ ಇರುವವರು ನಾಗರಿಕರ ಪಟ್ಟಿಯಲ್ಲೂ ಇರಬೇಕು ಎಂಬುದು ಅತಿಯಾದ ಆಸೆಯೇನಲ್ಲ.

ಆದ್ದರಿಂದ ನನ್ನ ನಿಲುವು ಇಷ್ಟು. ಸಾಂಗ್ಲಿ–ಮಿರಜ್–ಕುಪವಾಡ ಮಹಾನಗರ ಪಾಲಿಕೆ ಇಂಥ ಕೇಂದ್ರವನ್ನು ಕಾಯಿಲೆಯ ಖಾತೆಯಿಂದ ಬಿಡಿಸಿ ತನ್ನ ಸಾಮಾನ್ಯ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಲಿ. ರಾತ್ರಿ ದುಡಿಯುವವರು ಬೆಳಗ್ಗೆ ಮಲಗುತ್ತಾರೆ. ಕೇಂದ್ರ ಮಧ್ಯಾಹ್ನ ತೆರೆಯಲಿ. ಮೇಜಿನ ಹಿಂದೆ ಕನ್ನಡ ಓದಬಲ್ಲ ಒಬ್ಬರು ಕೂರಲಿ. ದೇವದಾಸಿಯರ ಪಟ್ಟಿಯನ್ನು ಎರಡೂ ರಾಜ್ಯಗಳು ಒಟ್ಟಿಗೆ ಕೂತು ಪರಿಷ್ಕರಿಸಲಿ. 4ನೇ ಸೆಕ್ಷನ್ನಿನಿಂದ ಮಕ್ಕಳನ್ನು, ವೃದ್ಧ ತಂದೆತಾಯಿಗಳನ್ನು ಸ್ಪಷ್ಟ ಮಾತಿನಲ್ಲಿ ಹೊರಗಿಡಲಿ. ಇವುಗಳಲ್ಲಿ ಯಾವುದಕ್ಕೂ ವೃತ್ತಿ ಸರಿಯೋ ತಪ್ಪೋ ಎಂಬ ವಾದ ಮುಗಿಯುವವರೆಗೆ ಕಾಯಬೇಕಿಲ್ಲ.

ಇಷ್ಟಾದರೂ, ಇಂಥ ಓಣಿಗಳೇ ಇರಬಾರದು ಎಂದು ನೀವು ಹೇಳಬಹುದು. ಆ ಆಸೆಯ ಜೊತೆ ನನಗೆ ಜಗಳವಿಲ್ಲ. ಆದರೆ ಅದನ್ನು ಸಾಧಿಸುವ ಜಾಗ ಗೋಕುಳನಗರ ಅಲ್ಲ ಎಂಬುದಷ್ಟೇ ನನ್ನ ವಾದ. ಮುಂದಿನ ಹುಡುಗಿ ಹೊರಡುವುದು ಬರ ಬಿದ್ದ, ಏಳನೇ ತರಗತಿಯ ಆಚೆ ಶಾಲೆ ಇಲ್ಲದ, ಹೊಲವಿಲ್ಲದ ದಲಿತ ಕೇರಿಯಿಂದ. ಅಲ್ಲಿ ನೀರು, ಶಾಲೆ, ತುಂಡು ಭೂಮಿ ಕೊಟ್ಟರೆ ಅವಳನ್ನು ತಡೆಯಬಹುದು. ಈಗಾಗಲೇ ಬಂದು, ಮಕ್ಕಳನ್ನು ಹೆತ್ತು, ಊರಿನ ಮನೆಯನ್ನೂ ಸಾಕುತ್ತಿರುವವಳಿಗೆ ಮಾತ್ರ ಬದಲಾಗು ಎಂದು ಹೇಳಿ, ಅವಳನ್ನು ಕಳಿಸಿದ ಊರನ್ನು ಹಾಗೇ ಬಿಡುವುದು ಸುಧಾರಣೆಯಲ್ಲ. ನಮ್ಮೆಲ್ಲರ ಬಾಕಿಯನ್ನು ಅವಳೊಬ್ಬಳಿಂದ ವಸೂಲಿ ಮಾಡುವುದು.